ನಾರ್ಮಲ್ ಅಂತ ಕೊಟ್ಟ ರಕ್ತ

ಅವತ್ತು ನಾನು ಸೋಡಾಬುಡ್ಡಿಯ ಮಾನ ಹರಾಜು ಹಾಕಿಬಿಟ್ಟೆ. ಲ್ಯಾಬಿನ ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ಮೇಲೆ ರಕ್ತ ಕೊಡಲು ಬಂದವರು ಸಾಲಾಗಿ ಕೂತಿದ್ದರು. ಕೋಪ ಬಂದಾಗ ನನಗೆ ಬಾಗಿಲೂ ಕಾಣುವುದಿಲ್ಲ, ಬೆಂಚೂ ಕಾಣುವುದಿಲ್ಲ.

"ಮುಖದ ತುಂಬ ಗ್ಲಾಸು ಹಾಕ್ಕೊಂಡಿದೀಯಲ್ಲ, ಅದರಲ್ಲಿ ನೋಡೋದಾದ್ರೂ ಏನು? ಅಕ್ಕಪಕ್ಕದ ಎರಡೇ ಎರಡು ಟ್ಯೂಬು! ಅದನ್ನೂ ಅದಲುಬದಲು ಮಾಡಿದೀಯಲ್ಲೋ!"

"ಇಲ್ಲ ಅಕ್ಕಾ, ನನ್ನಾಣೆಗೂ ಮಾಡಿಲ್ಲ."

"ಆಣೆ ಬೇರೆ ಕೇಡು! ನಿನ್ನ ಆಣೆ ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?"

ಸೋಡಾಬುಡ್ಡಿ ನನ್ನ ಜೊತೆ ಕೆಲಸ ಮಾಡುವವನು. ದಪ್ಪ ಕನ್ನಡಕ, ಮೆತ್ತನೆಯ ಮಾತು, ನನಗಿಂತ ಚಿಕ್ಕವನು. ಬೈದರೆ ಎದುರಾಡುವುದಿಲ್ಲ, ಕನ್ನಡಕ ತೆಗೆದು ಒರೆಸುತ್ತಾನೆ. ಅದನ್ನು ನೋಡಿದರೆ ನನಗೆ ಇನ್ನೂ ಮೈ ಉರಿಯುತ್ತದೆ. ನನ್ನ ಬೆನ್ನ ಹಿಂದೆ ಇವರೆಲ್ಲ ನನ್ನನ್ನು ಮೆಣಸಿನಕಾಯಿ ಅನ್ನುತ್ತಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲವಾದರೆ ಈ ಕೂಗಾಟಕ್ಕೆ ತಲೆಬುಡ ಇರುವುದಿಲ್ಲ. ನಮ್ಮದು ಕ್ರೋಮೋಸೋಮು ನೋಡುವ ಲ್ಯಾಬು. ಯಾರದೋ ಮಗು ನಡೆಯುವುದು ತಡವಾಗಿರುತ್ತದೆ, ಇನ್ನಾರದೋ ಮಗುವಿಗೆ ಐದು ವರ್ಷವಾದರೂ ಮಾತು ಬಂದಿರುವುದಿಲ್ಲ, ಮತ್ತೊಬ್ಬರಿಗೆ ಬಸಿರು ನಿಲ್ಲುತ್ತಿರುವುದಿಲ್ಲ. ಅವರ ರಕ್ತ ನಮ್ಮಲ್ಲಿಗೆ ಬರುತ್ತದೆ. ಅದನ್ನು ಗುಲಾಬಿ ಬಣ್ಣದ ದ್ರಾವಣದಲ್ಲಿ ಹಾಕಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಮೂರು ದಿನ ಬೆಳೆಸುತ್ತೇವೆ. ಜೀವಕೋಶ ಒಡೆದು ಎರಡಾಗುವ ಹೊತ್ತಿಗೆ ಸರಿಯಾಗಿ ಹಿಡಿದು ನಿಲ್ಲಿಸಿ, ಗಾಜಿನ ಮೇಲೆ ತೊಟ್ಟಿಕ್ಕಿಸಿ, ಬಣ್ಣ ಹಾಕಿದರೆ ಕ್ರೋಮೋಸೋಮುಗಳು ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಅದರ ಫೋಟೋ ತೆಗೆದು ಒಂದೊಂದನ್ನೂ ಅದರ ಜೋಡಿಯ ಪಕ್ಕ ಕೂರಿಸಬೇಕು. ಇಪ್ಪತ್ತಮೂರು ಜೋಡಿ ಸರಿಯಾಗಿ ಕೂತರೆ ಸರಿ. ಒಂದು ಹೆಚ್ಚಾದರೂ ಕಷ್ಟ, ಒಂದರ ತುಂಡು ಕಡಿಮೆಯಾದರೂ ಕಷ್ಟ. ಅಷ್ಟು ಚೂರು ಏರುಪೇರಾದರೆ ಮಗುವಿನ ಮೈ ಹೇಗೋ ಬೆಳೆದುಕೊಳ್ಳುತ್ತದೆ, ಬುದ್ಧಿ ಬೆಳೆಯುವುದು ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ದ್ರಾವಣದ ಹೊಸ ಬಾಟಲಿ ಬಂದಾಗ ಅದು ಸರಿಯಿದೆಯೇ ಅಂತ ಮೊದಲು ನೋಡಬೇಕು. ಅದಕ್ಕೆ ಆರೋಗ್ಯವಾಗಿರುವ ಯಾರದಾದರೂ ರಕ್ತ ಬೇಕು. ಅಂಥವರನ್ನು ಹುಡುಕಿಕೊಂಡು ಎಲ್ಲಿಗೆ ಹೋಗುವುದು? ಲ್ಯಾಬಿನಲ್ಲಿ ಕೆಲಸ ಮಾಡುವವರೇ ತೋಳು ಚಾಚುತ್ತೇವೆ. ಟ್ಯೂಬಿನ ಮೇಲೆ ಹೆಸರು ಬರೆಯುವುದಿಲ್ಲ, "ನಾರ್ಮಲ್" ಅಂತ ಬರೆದು ಮುಗಿಸುತ್ತೇವೆ. ಸೋಡಾಬುಡ್ಡಿಯ ನರಗಳು ನಲ್ಲಿಯ ಪೈಪಿನ ಹಾಗಿರುವುದರಿಂದ ಯಾವಾಗಲೂ ಅವನ ತೋಳಿಗೇ ಚುಚ್ಚುವುದು ರೂಢಿ. ಈ ಸಲ ಅವನು ಕಾಮಾಲೆಯಿಂದ ಎದ್ದು ಬಂದಿದ್ದ. "ಅಕ್ಕಾ, ನಿಮ್ಮ ರಕ್ತದಲ್ಲಿ ಖಾರ ಜಾಸ್ತಿ, ಬಾಟ್ಲಿ ಸುಟ್ಟುಹೋದೀತು" ಅಂತ ನಗುತ್ತಲೇ ನನ್ನ ತೋಳಿಗೆ ಪಟ್ಟಿ ಕಟ್ಟಿದ. ನಾನೂ ನಗುತ್ತಲೇ ಕೊಟ್ಟೆ.

ನಾರ್ಮಲ್ ಟ್ಯೂಬನ್ನು ಯಾರೂ ಜೋಡಿಸಿ ನೋಡುವುದಿಲ್ಲ. ಕೋಶ ಬೆಳೆದಿದೆಯೇ, ಪಟ್ಟೆ ಚೆನ್ನಾಗಿ ಬಂದಿದೆಯೇ, ಅಷ್ಟು ನೋಡಿ ಬಿಸಾಡುತ್ತೇವೆ. ಆದರೆ ಆ ಸಲ ಪಟ್ಟೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನನ್ನ ಕೈ ಸುಮ್ಮನಿರಲಿಲ್ಲ. ಪರದೆಯ ಮೇಲೆ ಒಂದನ್ನು ಎಳೆದುಕೊಂಡು ಜೋಡಿಸಲು ಕೂತೆ. ಒಂಬತ್ತನೆಯ ಜೋಡಿಯಲ್ಲಿ ಒಂದು ಗಿಡ್ಡ. ಹದಿನೆಂಟನೆಯ ಜೋಡಿಯಲ್ಲಿ ಒಂದು ಉದ್ದ. ಒಂಬತ್ತರ ತುದಿ ಮುರಿದು ಹದಿನೆಂಟರ ತಲೆಯ ಮೇಲೆ ಹೋಗಿ ಕೂತಿದೆ, ಹದಿನೆಂಟರ ಚೂರು ಒಂಬತ್ತಕ್ಕೆ ಬಂದಿದೆ. ಇನ್ನೊಂದು ಕೋಶ ನೋಡಿದೆ, ಹಾಗೇ. ಮತ್ತೊಂದು, ಹಾಗೇ. ಪಕ್ಕದಲ್ಲಿದ್ದ ಟ್ಯೂಬು ಎರಡು ಸಲ ಬಸಿರು ಕಳೆದುಕೊಂಡ ಹೆಂಗಸಿನದು. ಆಕೆಯದನ್ನು ನೋಡಿದೆ. ಒಂದು ಕೂದಲೆಳೆಯಷ್ಟೂ ದೋಷವಿಲ್ಲ.

ಇನ್ನೇನು ಬೇಕು? ಈ ಹುಡುಗ ಟ್ಯೂಬು ಅದಲುಬದಲು ಮಾಡಿದ್ದಾನೆ. ಆ ಹೆಂಗಸಿನದು "ನಾರ್ಮಲ್" ಟ್ಯೂಬಿಗೆ, ನನ್ನದು ಆಕೆಯ ಹೆಸರಿಗೆ. ನಾನು ನೋಡದೇ ಹೋಗಿದ್ದರೆ ಆ ಬಡಪಾಯಿಗೆ "ನಿಮಗೇನೂ ಇಲ್ಲ" ಅಂತ ಬರೆದುಕೊಟ್ಟು ಕಳಿಸುತ್ತಿದ್ದೆವು. ಅದಕ್ಕೇ ಆ ಕೂಗಾಟ.

ಕೂಗು ಕೇಳಿ ಮೇಡಂ ಹೊರಗೆ ಬಂದರು. ನಮ್ಮ ಮೇಡಂ ದೊಡ್ಡ ಡಾಕ್ಟರು, ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಎರಡೂ ಪರದೆಗಳನ್ನು ನೋಡಿದರು.

"ಇಬ್ಬರ ರಕ್ತನೂ ಮತ್ತೆ ತಗೊಳ್ಳಿ. ಈ ಸಲ ಎಲ್ಲಾ ನೀವೇ ಮಾಡಿ. ಬೇರೆ ಯಾರೂ ಮುಟ್ಟೋದು ಬೇಡ."

"ನೋಡಿದ್ಯಾ?" ಅಂತ ನಾನು ಸೋಡಾಬುಡ್ಡಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ. ಗೆದ್ದ ಖುಷಿ ನನಗೆ.

ಮಾರನೆಯ ದಿನ ಆ ಹೆಂಗಸು ಬಂದಳು. ತೋಳು ಮಡಿಸಿ ಕೂತವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಾದ್ರೂ ಸಿಕ್ತಾ ಮೇಡಂ?" ಅಂದಳು. "ಏನಿಲ್ಲಮ್ಮ, ಮೊದಲಿನದು ಸರಿಯಾಗಿ ಬೆಳೀಲಿಲ್ಲ" ಅಂತ ಬಾಯಿಗೆ ಬಂದ ಸುಳ್ಳು ಹೇಳಿದೆ. ಈಕೆಯ ಒಂಬತ್ತು ಮತ್ತು ಹದಿನೆಂಟು ನಾನು ಕಣ್ಣಾರೆ ಕಂಡಿದ್ದೆನಲ್ಲ! ಇಂಥವರಿಗೆ ಸ್ವಂತ ತೊಂದರೆ ಏನೂ ಇರುವುದಿಲ್ಲ. ತುಂಡು ಜಾಗ ಬದಲಿಸಿದೆ ಅಷ್ಟೇ, ಒಟ್ಟು ಸಾಮಾನು ಎಲ್ಲಾ ಇದೆ. ಮಗುವಿಗೆ ಹಂಚುವಾಗ ಮಾತ್ರ ಎಡವಟ್ಟು. ಒಂದು ತುಂಡು ಹೆಚ್ಚು, ಒಂದು ತುಂಡು ಕಡಿಮೆ ಹೋಗಿಬಿಡಬಹುದು. ಹಾಗೆ ಹೋದರೆ ಎಷ್ಟೋ ಸಲ ಬಸಿರೇ ನಿಲ್ಲುವುದಿಲ್ಲ. ನಿಂತರೆ, ಹುಟ್ಟಿದ ಮಗುವಿಗೆ ಬುದ್ಧಿ ಹಿಂದೆ ಬೀಳುತ್ತದೆ. ಪಾಪ, ಪಾಪ ಅಂದುಕೊಳ್ಳುತ್ತಲೇ ಆಕೆಯ ರಕ್ತ ತೆಗೆದೆ. ಆಮೇಲೆ ನನ್ನದನ್ನು ನರ್ಸಿನ ಕೈಲಿ ತೆಗೆಸಿ, ನಾನೇ ಹೆಸರು ಬರೆದು, ನಾನೇ ಪೆಟ್ಟಿಗೆಯ ಬೇರೆ ಬೇರೆ ಹಲಗೆಯ ಮೇಲೆ ಇಟ್ಟೆ.

ಅದೇ ಹೊತ್ತಿಗೆ ನನ್ನ ತಂಗಿ ಫೋನು ಮಾಡಿದಳು. ಅವಳಿಗೆ ಆಗ ನಾಲ್ಕನೆಯ ತಿಂಗಳು ನಡೆಯುತ್ತಿತ್ತು. ಎರಡು ಸಲ ಬಸಿರು ಹೋಗಿತ್ತು, ಇದು ಮೂರನೆಯದು. "ಅಕ್ಕಾ, ಇವತ್ತು ಒಳಗೆ ಏನೋ ಮಿಸುಕಾಡಿದ ಹಾಗಾಯ್ತು ಕಣೇ" ಅಂದಳು. "ಅಷ್ಟು ಬೇಗ ಏನೂ ಆಗಲ್ಲ, ಅದು ನಿನ್ನ ಹೊಟ್ಟೆ ಹಸಿವು" ಅಂತ ರೇಗಿಸಿದೆ. ಫೋನು ಇಟ್ಟ ಮೇಲೆ ಎಷ್ಟೋ ಹೊತ್ತು ನಾನೊಬ್ಬಳೇ ನಗುತ್ತಿದ್ದೆ. ಅವಳ ಡಾಕ್ಟರು ಹೊಟ್ಟೆಯಲ್ಲಿ ಮಗುವಿನ ಸುತ್ತ ಇರುವ ನೀರು ತೆಗೆದು ಪರೀಕ್ಷೆ ಮಾಡಿಸುತ್ತೀರಾ ಅಂತ ಕೇಳಿದ್ದರು. ಇವಳು ಬೇಡವೇ ಬೇಡ ಅಂದಿದ್ದಳು. "ಸೂಜಿ ಚುಚ್ಚಿಸ್ಕೊಂಡು ಇದನ್ನೂ ಕಳ್ಕೊಳ್ಲಾ?" ಮನೆಯಲ್ಲಿ ಯಾರಿಗಾದರೂ ತೊಂದರೆ ಇದೆಯೇ ಅಂತ ಕೇಳಿದಾಗ ಅಣ್ಣನ ವಿಷಯ ಹೇಳಿದ್ದಳು. ಆದರೆ ಅಣ್ಣನದು ಬೇರೆ, ಅದು ನಮ್ಮ ರಕ್ತದ್ದಲ್ಲ ಅಂತಲೂ ಹೇಳಿದ್ದಳು.

ಅಣ್ಣನದು ಬೇರೆ. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. ಅವನು ಹುಟ್ಟುವಾಗ ಕರುಳುಬಳ್ಳಿ ಕತ್ತಿಗೆ ಸುತ್ತಿಕೊಂಡಿತ್ತಂತೆ, ಮೈ ನೀಲಿಗಟ್ಟಿತ್ತಂತೆ, ಎಷ್ಟೋ ಹೊತ್ತು ಅಳಲಿಲ್ಲವಂತೆ. ಮೆದುಳಿಗೆ ಉಸಿರು ಸಾಲಲಿಲ್ಲ ಅಂತ ಆಗಿನ ಡಾಕ್ಟರೇ ಹೇಳಿದ್ದರು. ಅಮ್ಮ ಈ ಕಥೆಯನ್ನು ಯಾರು ಕೇಳಿದರೂ ಹೇಳುತ್ತಿದ್ದಳು, ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಕಾರಣ ಗೊತ್ತಿರುವಾಗ ಪರೀಕ್ಷೆ ಯಾರು ಮಾಡಿಸುತ್ತಾರೆ? ಅಣ್ಣ ನನಗಿಂತ ದೊಡ್ಡವನು, ಆದರೆ ನಾವಿಬ್ಬರೂ ಮಾತು ಕಲಿತದ್ದು ಒಟ್ಟಿಗೇ. ಮೋಟು ಬೆರಳು, ಗುಂಡು ಮೂಗು, ಎರಡು ಮೂರು ಪದಗಳ ಮಾತು. ಲಾಂಡ್ರಿಯೊಂದರಲ್ಲಿ ಹಾಸಿಗೆಯ ಹೊದಿಕೆ ಮಡಿಸುತ್ತಾನೆ, ಬಸ್ಸಿನಲ್ಲಿ ಒಬ್ಬನೇ ಹೋಗಿ ಬರುತ್ತಾನೆ. ಚಿಲ್ಲರೆ ಎಣಿಸಲು ಬರುವುದಿಲ್ಲ, ಗಡಿಯಾರ ನೋಡಲು ಬರುವುದಿಲ್ಲ. ಯಾರದೋ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅಮ್ಮ, ಅಣ್ಣ, ನಾನು ಇದ್ದೇವೆ. ಅಪ್ಪ ತೀರಿಹೋಗಿ ವರ್ಷಗಳಾದವು. ನಾನು ಮದುವೆಯಾಗಲಿಲ್ಲ. ನನ್ನ ಬಾಯಿಗೆ ಹೆದರಿ ಯಾರೂ ಬರಲಿಲ್ಲ ಅಂತ ತಂಗಿ ಆಡಿಕೊಳ್ಳುತ್ತಾಳೆ.

ಎರಡನೆಯ ಸಲದ ಗಾಜುಗಳು ತಯಾರಾದವು. ಮೊದಲು ಆ ಹೆಂಗಸಿನದನ್ನು ಹಾಕಿದೆ. ಒಂಬತ್ತು ಎರಡೂ ಒಂದೇ ಸಮ. ಹದಿನೆಂಟು ಎರಡೂ ಒಂದೇ ಸಮ.

ಇದೇನಿದು ಅಂತ ಇನ್ನೊಂದು ಕೋಶ ನೋಡಿದೆ. ಸರಿಯಾಗಿದೆ. ಮತ್ತೊಂದು. ಅದೂ ಸರಿಯಾಗಿದೆ. ನನ್ನದನ್ನು ಹಾಕಿದೆ. ಗಿಡ್ಡ ಒಂಬತ್ತು. ಉದ್ದ ಹದಿನೆಂಟು.

ಗಾಜನ್ನು ತೆಗೆದು ಮೇಲಿನ ಬರಹ ನೋಡಿದೆ. ನನ್ನದೇ ಅಕ್ಷರ. ಮತ್ತೆ ಹಾಕಿದೆ. ಮತ್ತೆ ತೆಗೆದೆ. ನೀವು ನಂಬುತ್ತೀರೋ ಇಲ್ಲವೋ, ಆಗಲೂ ನಾನು ಯಾರನ್ನು ಬೈಯಬಹುದು ಅಂತ ಹುಡುಕುತ್ತಿದ್ದೆ. ರಕ್ತ ತೆಗೆದ ನರ್ಸು? ಗಾಜು ತೊಳೆಯುವವಳು? ಯಾರೂ ಸಿಗಲಿಲ್ಲ. ಆದಿಯಿಂದ ಅಂತ್ಯದವರೆಗೆ ಮುಟ್ಟಿದವಳು ನಾನೊಬ್ಬಳೇ. ಎಷ್ಟು ಜನರ ಮನೆಯ ಸುದ್ದಿಯನ್ನು ಇದೇ ಕುರ್ಚಿಯಲ್ಲಿ ಕೂತು, ಟೀ ಕುಡಿಯುತ್ತ, ಆಕಳಿಸುತ್ತ ಬರೆದಿದ್ದೇನೆ! ನನ್ನದು ನನ್ನ ಮೈಯೊಳಗೇ ಕೂತಿತ್ತು.

"ಅಕ್ಕಾ?" ಅಂದ ಸೋಡಾಬುಡ್ಡಿ. ನನ್ನ ಹಿಂದೆ ಯಾವಾಗ ಬಂದು ನಿಂತಿದ್ದನೋ.

"ನೀನು ಅದಲುಬದಲು ಮಾಡಿರಲಿಲ್ಲ ಕಣೋ," ಅಂದೆ.

"ಬಿಡಿ ಅಕ್ಕ."

"ಏನ್ ಬಿಡೋದು? ನೋಡು. ನಂದೇ."

ಅವನು ನೋಡಿದ. ಕನ್ನಡಕ ತೆಗೆದ, ಒರೆಸಲಿಲ್ಲ. "ನಿಮಗೆ ಏನೂ ಆಗಲ್ಲ ಅಲ್ವಾ ಅಕ್ಕಾ, ಬ್ಯಾಲೆನ್ಸ್ ಆಗಿದೆ," ಅಂದ. ನನಗೆ ಏನೂ ಆಗುವುದಿಲ್ಲ ಅಂತ ನನಗೂ ಗೊತ್ತಿತ್ತು. ಆದರೆ ಅವನು ಹಾಗಂದ ಕೂಡಲೇ ನನ್ನ ತಲೆಯೊಳಗೆ ಅಣ್ಣ ಬಂದು ನಿಂತ. ಮೋಟು ಬೆರಳು, ಗುಂಡು ಮೂಗು. ಆ ಒಂಬತ್ತರ ತುಂಡು ಹೆಚ್ಚಾದ ಮಕ್ಕಳ ಫೋಟೋ ನಮ್ಮ ಪುಸ್ತಕಗಳಲ್ಲಿದೆ. ಎಷ್ಟು ಸಲ ನೋಡಿದ್ದೆನೋ. ಅಯ್ಯೋ ದೇವರೇ! ಕರುಳುಬಳ್ಳಿ ಅಲ್ಲ. ಅದು ಯಾವತ್ತೂ ಕರುಳುಬಳ್ಳಿ ಆಗಿರಲಿಲ್ಲ. ಅಣ್ಣನ ಹಿಂದೆಯೇ ತಂಗಿ ಬಂದು ನಿಂತಳು. ಎರಡು ಸಲ ಹೋಗಿದ್ದು, ಮೂರನೆಯದು ಹೊಟ್ಟೆಯಲ್ಲಿ. ಅಲ್ಲೇ ಮೇಜು ಹಿಡಿದುಕೊಂಡು ಕೂತೆ.

ಮೇಡಂ ಬಾಗಿಲು ಹಾಕಿಕೊಂಡು ಮಾತಾಡಿದರು. "ತಂಗಿಗೂ ಇರಬಹುದು, ಇಲ್ಲದೇನೂ ಇರಬಹುದು. ಪರೀಕ್ಷೆ ಮಾಡಿಸೋಕೆ ಸಮಯ ಕಡಿಮೆ ಇದೆ, ಇವತ್ತೇ ಹೇಳಿ. ನೀವೇ ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ," ಅಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ತಂಗಿಯದು ಕೂದಲು ಕತ್ತರಿಸುವ ಸಣ್ಣ ಅಂಗಡಿ. ನಾನು ಹೋದಾಗ ಒಬ್ಬ ಮುದುಕಿಯ ತಲೆಗೆ ಬಣ್ಣ ಹಚ್ಚಿ ಕೂರಿಸಿದ್ದಳು. ಲ್ಯಾಬಿನವರು ಇಟ್ಟ ಹೆಸರು ಅವಳಿಗೂ ಗೊತ್ತು. ನನ್ನನ್ನು ನೋಡಿ, "ಏನೇ ಮೆಣಸಿನಕಾಯಿ, ಕೆಲಸದ ಹೊತ್ತಲ್ಲಿ ಇಲ್ಲಿ? ಯಾರನ್ನ ಹೊಡೆದು ಬಂದೆ?" ಅಂದಳು. ಅವಳನ್ನು ಒಳಗಿನ ಸಾಮಾನಿನ ಕೋಣೆಗೆ ಎಳೆದುಕೊಂಡು ಹೋದೆ. ಶಾಂಪೂ ಡಬ್ಬಗಳ ನಡುವೆ ನಿಂತು ಹೇಳಿದೆ. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಮೊದಲು ನಕ್ಕಳು. "ನಿಮ್ಮ ಲ್ಯಾಬಿಗೆ ಹೋದ್ರೆ ಎಲ್ರಿಗೂ ಏನಾದ್ರೂ ಒಂದು ಇರುತ್ತೆ ಬಿಡು."

"ಪುಟ್ಟಿ, ತಮಾಷೆ ಮಾಡ್ತಿಲ್ಲ."

ನನ್ನ ಮುಖ ನೋಡಿದಳು. ನಗು ಅಲ್ಲೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. "ಅಂದ್ರೆ ಅಣ್ಣಂಗೆ..."

"ಅದೇ ಇರಬೇಕು."

"ಕರುಳುಬಳ್ಳಿ ಅಲ್ವಾ?"

"ಅಲ್ಲ."

ಆಮೇಲೆ ಅವಳು ಕೇಳಿದ್ದು ನಾನು ನೆನೆಸದ ಮಾತು. "ಹಾಗಾದ್ರೆ ಕುರ್ಚಿ ಅಲ್ವಾ ಅಕ್ಕಾ?" ಎರಡನೆಯ ಬಸಿರಿನಲ್ಲಿ ಇವಳು ಅಂಗಡಿಯ ಹೊಸ ಕುರ್ಚಿಯನ್ನು ಮೆಟ್ಟಿಲು ಹತ್ತಿಸಿದ್ದಳಂತೆ. ಮಾರನೆಯ ವಾರ ಬಸಿರು ಹೋಯಿತು. ಗಂಡನಿಗೂ ಹೇಳದೆ ಇಷ್ಟು ದಿನ ಅದನ್ನು ಒಳಗೇ ಇಟ್ಟುಕೊಂಡಿದ್ದಳು. ದಿನಾ ಅದೇ ಕುರ್ಚಿಯಲ್ಲಿ ಜನರನ್ನು ಕೂರಿಸಿ ಕೂದಲು ಕತ್ತರಿಸಿದ್ದಳು. "ಕುರ್ಚಿ ಅಲ್ಲ ಕಣೇ, ನಿನ್ನ ತಪ್ಪು ಒಂದು ಚೂರೂ ಇಲ್ಲ," ಅಂದೆ. ಅವಳು ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಹೊರಗಿನಿಂದ ಮುದುಕಿ, "ನನ್ನ ತಲೆ ಉರೀತಿದೆ ಕಣ್ರೇ!" ಅಂತ ಕೂಗಿದಾಗ ಕಣ್ಣೊರೆಸಿಕೊಂಡು ಹೋಗಿ ತೊಳೆದಳು.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಮನೆಯವರೆಲ್ಲರ ರಕ್ತ ತೆಗೆದರು. ಅಣ್ಣ ತೋಳಿನ ಮೇಲಿನ ಪಟ್ಟಿಯನ್ನು ಲಾಂಡ್ರಿಯಲ್ಲಿ ಎಲ್ಲರಿಗೂ ತೋರಿಸಿ ಬಂದ. "ನಾನು ಅಳ್ಲಿಲ್ಲ" ಅಂದ. ಅಮ್ಮ ಮಾತ್ರ, "ಕರುಳುಬಳ್ಳಿ ಸುತ್ತಿದ್ದನ್ನ ನಾನು ನೋಡಿದ್ದೀನಿ, ನಿಮ್ಮ ಲ್ಯಾಬು ನೋಡಿದ್ಯಾ?" ಅಂತ ನನ್ನ ಮೇಲೆ ಹರಿಹಾಯ್ದಳು. ನನಗೆ ಈ ಬಾಯಿ ಎಲ್ಲಿಂದ ಬಂತು ಅಂತ ಕೇಳುವವರು ಅಮ್ಮನನ್ನು ನೋಡಬೇಕು. ಬಳ್ಳಿ ಸುತ್ತಿದ್ದು ಸುಳ್ಳಲ್ಲ. ಎಷ್ಟೋ ಮಕ್ಕಳಿಗೆ ಸುತ್ತುತ್ತದೆ, ಬಿಡಿಸಿದರೆ ಆಯಿತು. ಅಮ್ಮನದು ಬಂತು, ನನ್ನದರ ಹಾಗೇ ಇತ್ತು. ತಂಗಿಯದೂ ಹಾಗೇ. ಅಣ್ಣನದರಲ್ಲಿ ಒಂಬತ್ತು ಎರಡೂ ಪೂರ್ತಿ ಇದ್ದವು, ಅದರ ಜೊತೆಗೆ ಹದಿನೆಂಟರ ತಲೆಯ ಮೇಲೆ ಒಂಬತ್ತರ ಮೂರನೆಯ ತುಂಡು. ಅಲ್ಲಿಗೆ ಮುಗಿಯಿತು, ವಾದ ಮಾಡಲು ಏನೂ ಉಳಿಯಲಿಲ್ಲ.

"ನನ್ನೊಳಗಿತ್ತಾ?" ಅಂದಳು ಅಮ್ಮ. ಮಂಚದ ಮೇಲೆ ಕೂತಿದ್ದಳು, ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. "ನಾನೇ ಕೊಟ್ನಾ ಅವನಿಗೆ?" ಇದರಲ್ಲಿ ಕೊಡುವುದು ಬಿಡುವುದು ಯಾರ ಕೈಯಲ್ಲೂ ಇಲ್ಲ ಅಂತ ನಾನು ಬಿಡಿಸಿ ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ. ಅವತ್ತಿನಿಂದ ಕರುಳುಬಳ್ಳಿಯ ಕಥೆಯನ್ನು ಯಾರಿಗೂ ಹೇಳಲಿಲ್ಲ.

ತಂಗಿ ಪರೀಕ್ಷೆಗೆ ಒಪ್ಪಿದಳು. ಹೊಟ್ಟೆಯ ನೀರು ತೆಗೆದರು. ಆ ಮಾದರಿಯನ್ನು ನಾನು ಮುಟ್ಟಕೂಡದು ಅಂತ ಮೇಡಂ ಕಟ್ಟುನಿಟ್ಟು ಮಾಡಿದರು, ಅದನ್ನು ಸೋಡಾಬುಡ್ಡಿಗೆ ಕೊಟ್ಟರು. ಅದು ಬೆಳೆಯುವವರೆಗೆ ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದೆವು. ಅವನು ಪೆಟ್ಟಿಗೆಯ ಬಾಗಿಲು ತೆಗೆದಾಗಲೆಲ್ಲ ನಾನು ಕೈಲಿದ್ದ ಕೆಲಸ ಬಿಟ್ಟು ಅತ್ತ ನೋಡುತ್ತಿದ್ದೆ. ಒಂದು ದಿನ ಅವನು ಪರದೆಯನ್ನು ನನಗೆ ಕಾಣದ ಹಾಗೆ ತಿರುಗಿಸಿಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ ಎದ್ದು ಮೇಡಂ ಕೋಣೆಗೆ ಹೋದ. ವಾಪಸು ಬಂದಾಗ ನನ್ನ ಕಡೆ ನೋಡದೆ ಟೀ ತಂದಿಟ್ಟ. ಇಷ್ಟು ವರ್ಷದಲ್ಲಿ ಅವನು ನನಗೆ ಟೀ ತಂದುಕೊಟ್ಟದ್ದು ಅದೇ ಮೊದಲು. ನನಗೆ ಗೊತ್ತಾಗಿಹೋಯಿತು.

ಮೇಡಂ ತಂಗಿಯನ್ನೂ ಅವಳ ಗಂಡನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ತಂಗಿಯ ಗಂಡ ಲಿಫ್ಟ್ ರಿಪೇರಿ ಮಾಡುವವನು, ಕೆಲಸದ ಬಟ್ಟೆಯಲ್ಲೇ ಬಂದಿದ್ದ. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಅಣ್ಣನಿಗೆ ಇರೋದೇ ಮಗೂಗೂ ಇದೆ," ಅಂದರು ಮೇಡಂ. "ಮಾತು, ಕಲಿಕೆ ಎಲ್ಲಾ ನಿಧಾನ ಆಗುತ್ತೆ. ಎಷ್ಟು ನಿಧಾನ ಅಂತ ಈಗಲೇ ಹೇಳೋಕಾಗಲ್ಲ. ಅಣ್ಣನಿಗಿಂತ ಚೆನ್ನಾಗಿ ಇರಬಹುದು, ಇನ್ನೂ ಕಷ್ಟನೂ ಇರಬಹುದು. ಮುಂದೇನು ಅನ್ನೋದು ನಿಮ್ಮಿಬ್ಬರ ನಿರ್ಧಾರ. ಏನು ಮಾಡಿ ಅಂತ ನಾನು ಹೇಳಲ್ಲ, ಬೇರೆಯವರು ಹೇಳೋಕೆ ಬಂದರೂ ಕೇಳಬೇಡಿ."

ತಂಗಿಯ ಗಂಡ ಗರ ಬಡಿದವನ ಹಾಗೆ ಕೂತಿದ್ದ. ತಂಗಿ, "ಗಂಡೋ ಹೆಣ್ಣೋ?" ಅಂದಳು. ಅದು ಬಿಟ್ಟು ಬೇರೆ ಏನೂ ಕೇಳಲಿಲ್ಲ. ಮೇಡಂ, ಅದನ್ನು ಕಾನೂನಿನ ಪ್ರಕಾರ ಹೇಳುವ ಹಾಗಿಲ್ಲ ಅಂದರು.

ಭಾನುವಾರ ಮಧ್ಯಾಹ್ನ ತಂಗಿ ಒಬ್ಬಳೇ ನಮ್ಮ ಮನೆಗೆ ಬಂದಳು. ಊಟ ಆಯಿತು. ಅಣ್ಣ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ. ಅದು ಅವನ ಕೆಲಸ, ಬೇರೆ ಯಾರಾದರೂ ಮುಟ್ಟಿದರೆ ಮುನಿಸಿಕೊಳ್ಳುತ್ತಾನೆ. ತಂಗಿ ಅಮ್ಮನ ಪಕ್ಕದಲ್ಲಿ ಕೂತು ಸೆರಗಿನ ಅಂಚನ್ನು ತಿರುಚುತ್ತಿದ್ದಳು.

"ಅಮ್ಮಾ, ಒಂದು ಕೇಳ್ತೀನಿ. ಸುಳ್ಳು ಹೇಳಬಾರದು."

"ಕೇಳು."

"ಅಣ್ಣ ಹೊಟ್ಟೇಲಿದ್ದಾಗಲೇ ನಿಂಗೆ ಗೊತ್ತಾಗಿದ್ದಿದ್ರೆ? ಹೀಗೀಗೆ ಅಂತ ಯಾರಾದ್ರೂ ಹೇಳಿದ್ದಿದ್ರೆ? ಏನ್ ಮಾಡ್ತಿದ್ದೆ?"

ಅಮ್ಮ ಏನು ಹೇಳುತ್ತಾಳೆ ಅಂತ ನನಗೆ ಗೊತ್ತಿತ್ತು. ಗೊತ್ತಿತ್ತು ಅಂದುಕೊಂಡಿದ್ದೆ. ಬಸ್ಸಿನಲ್ಲಿ ಅಣ್ಣನನ್ನು ಯಾರಾದರೂ ದಿಟ್ಟಿಸಿ ನೋಡಿದರೆ, "ಏನ್ ನೋಡ್ತೀಯಾ, ಮನುಷ್ಯರನ್ನ ಕಂಡಿಲ್ವಾ?" ಅಂತ ಜಗಳಕ್ಕೆ ಹೋಗುವವಳು ಅಮ್ಮ. ಅವನಿಗೆ ಶರ್ಟಿನ ಗುಂಡಿ ಹಾಕಲು ಕಲಿಸಲು ಒಂದು ಇಡೀ ವರ್ಷ ಹಾಕಿದವಳು. ಅವನನ್ನು ಬಿಟ್ಟು ಒಂದು ರಾತ್ರಿಯೂ ಬೇರೆ ಮನೆಯಲ್ಲಿ ಮಲಗಿದವಳಲ್ಲ. ಟೀ ಮಾಡೋಣ ಅಂತ ನಾನು ಆಗಲೇ ಎದ್ದು ನಿಂತಿದ್ದೆ.

"ಹೆರ್ತಿರಲಿಲ್ಲ," ಅಂದಳು ಅಮ್ಮ.

ನಿಂತಲ್ಲೇ ನಿಂತೆ. ತಂಗಿಯ ಕೈಯಿಂದ ಸೆರಗು ಜಾರಿತು.

"ಸುಳ್ಳು ಹೇಳಬೇಡ ಅಂದ್ಯಲ್ಲ, ಅದಕ್ಕೆ ಹೇಳ್ದೆ," ಅಮ್ಮ ಮುಂದುವರಿಸಿದಳು. "ಚಿಕ್ಕ ವಯಸ್ಸು ನಂಗೆ. ಹೆದರಿ ಸಾಯ್ತಿದ್ದೆ. ಗೊತ್ತಿದ್ದಿದ್ರೆ ಇವನನ್ನ ಹೆರ್ತಿರಲಿಲ್ಲ. ಗೊತ್ತಿರಲಿಲ್ಲ, ಹೆತ್ತೆ. ಹೆತ್ತ ಮೇಲೆ ಬಿಡೋಕಾಗುತ್ತಾ?"

ಒಳಗೆ ನಲ್ಲಿ ನಿಂತಿತ್ತು. ಯಾವಾಗ ನಿಂತಿತು ಅಂತ ಯಾರೂ ಗಮನಿಸಿರಲಿಲ್ಲ. ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಮೊಣಕೈವರೆಗೆ ಸೋಪಿನ ನೊರೆ.

"ಯಾರನ್ನ?" ಅಂದ.

ಅಮ್ಮ ಥಟ್ಟನೆ ತಿರುಗಿದಳು. "ಯಾರೂ ಇಲ್ಲ ಕಣೋ ಮಗಾ. ಪಕ್ಕದ ಮನೆಯವರ ವಿಷಯ. ನೀನು ತಟ್ಟೆ ತೊಳೀ ಹೋಗು."

"ಸುಳ್ಳು," ಅಂದ ಅಣ್ಣ.

ಆ ಮಾತನ್ನು ಅವನ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಅವನ ಎದುರಿಗೆ ನಾವು ಏನೇನು ಮಾತಾಡಿಲ್ಲ! ಅವನ ಮುಂದಿನ ಗತಿ ಏನು, ಅಮ್ಮ ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ, ಅವನ ದೆಸೆಯಿಂದ ಯಾರ ಮದುವೆ ತಪ್ಪಿತು, ಎಲ್ಲ ಅವನು ಪಕ್ಕದಲ್ಲೇ ಕೂತು ಊಟ ಮಾಡುವಾಗ. ಅವನಿಗೇನು ತಿಳಿಯುತ್ತೆ ಬಿಡು ಅಂತ.

"ನನ್ನನ್ನ," ಅಂದ. ಕೇಳಿದ್ದಲ್ಲ, ಹೇಳಿದ್ದು.

ಅಮ್ಮ ಎದ್ದು ಅವನ ಕಡೆ ಕೈ ಚಾಚಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ತಂಗಿಯ ಕಡೆ ತಿರುಗಿ, ಅವಳ ಹೊಟ್ಟೆ ನೋಡಿದ.

"ಪಾಪೂನೂ ನನ್ ಥರಾನಾ?"

ನಾನು ಅಡ್ಡ ಬಾಯಿ ಹಾಕಲು ಹೋದೆ. ತಂಗಿ ಕೈಯೆತ್ತಿ ನನ್ನನ್ನು ತಡೆದಳು.

"ಹೂಂ ಅಣ್ಣ. ನಿನ್ ಥರಾನೇ."

"ಹಾಗಾದ್ರೆ ಬೇಡ್ವಾ?"

ಅಮ್ಮ ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ನಿಂತಿದ್ದಳು. ತಂಗಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

"ಗೊತ್ತಿಲ್ಲ ಅಣ್ಣಾ," ಅಂದಳು. "ನಿಜವಾಗ್ಲೂ ಇನ್ನೂ ಗೊತ್ತಿಲ್ಲ."

ಅಣ್ಣ ಯೋಚಿಸಿದ. ಅವನು ಯೋಚಿಸುವಾಗ ತುಟಿ ಅಲ್ಲಾಡುತ್ತದೆ. ನೊರೆಯ ಕೈಯನ್ನು ಶರ್ಟಿಗೆ ಒರೆಸಿಕೊಂಡ.

"ಗೊತ್ತಾದ್ಮೇಲೆ ನಂಗೆ ಹೇಳು," ಅಂದ. "ಇವರಿಗಲ್ಲ. ಮೊದ್ಲು ನಂಗೆ."

"ಹೇಳ್ತೀನಿ ಅಣ್ಣ. ಮೊದ್ಲು ನಿಂಗೇ."

ಅಮ್ಮ ಇನ್ನೊಂದು ಸಲ "ಮಗಾ" ಅಂದಳು. ಅವನು ಅವಳ ಕಡೆ ನೋಡಲಿಲ್ಲ.